ಮಕ್ಕಳೂ ಮಣ್ಣೂ

ಮಸ್ಕಿಯ ದುರ್ಗದ ಗುಡ್ಡದ ಮಗ್ಗುಲಲ್ಲಿ, ಹೆಬ್ಬಂಡೆಗಳು ಒಂದರ ಮೇಲೊಂದು ಒರಗಿ ಗವಿಯಂತಾಗಿರುವ ಎಡೆಯಲ್ಲಿ, ಅಶೋಕ ಚಕ್ರವರ್ತಿಯ ಶಾಸನವಿರುವುದು. ೧೯೧೫ರಲ್ಲಿ ಬಂಗಾರದ ಅದಿರನ್ನು ಹುಡುಕುತ್ತ ಬಂದ ಬೀಡನ್ ಎಂಬ ಇಂಜಿನಿಯರನ ಕಣ್ಣಿಗೆ ಅದು ಬಿದ್ದಿತು. ಅಲ್ಲಿಯವರೆಗೆ 'ದೇವಾನಾಂಪ್ರಿಯ' ಎಂಬ ಬಿರುದಿನಿಂದ ಮಾತ್ರ ತಿಳಿದಿದ್ದ ಅರಸನು ಅಶೋಕನೇ ಎಂಬುದನ್ನು ಲೋಕವು ಈ ಕಲ್ಲಿನಿಂದಲೇ ನಿಶ್ಚಯವಾಗಿ ಅರಿತುಕೊಂಡಿತು. ಬಂಗಾರವನ್ನು ಅರಸಿ ಬಂದವನಿಗೆ ಧರ್ಮದ ಮಾತು ದೊರೆತುದು ಈ ಊರಿನ ಭಾಗ್ಯವೆಂದೇ ಹೇಳಬೇಕು. ಧರ್ಮದಿಂದ ನಡೆದರೆ ಸಣ್ಣವನಿಗೂ ಶ್ರೇಯಸ್ಸು ಲಭಿಸುವುದು, ಅದು ದೊಡ್ಡವರ ಸೊತ್ತು ಮಾತ್ರವೆಂದು ಯಾರೂ ತಿಳಿಯತಕ್ಕದ್ದಲ್ಲ ಎಂಬ ಅಭಿಪ್ರಾಯವು ಅದರಲ್ಲಿ ಅಡಕವಾಗಿದೆ.

ಈ ಗವಿಯ ಮುಂದಿನ ನೆರಳಿನಲ್ಲಿ ಭಾನುವಾರ ಸಾಯಂಕಾಲ ಕುಳಿತಿರುವ ವೃದ್ಧ ಮಾಸ್ತರರನ್ನು ಊರಿನ ಅನೇಕರು ಬಲ್ಲರು. ವಯಸ್ಸು ಎಂಬತ್ತರ ಸಮೀಪ. ಹುಟ್ಟೂರು ಮುದಗಲ್ಲು, ಜಾತಿಯಿಂದ ಕ್ರೈಸ್ತರು. ಮುದಗಲ್ಲಿನ ಕ್ರೈಸ್ತರು ನಿನ್ನೆ ಮೊನ್ನೆ ಮತವನ್ನು ಸ್ವೀಕರಿಸಿದವರಲ್ಲ. ವಿಜಾಪುರದ ಆದಿಲಶಾಹಿಗಳ ಕಾಲದಿಂದಲೂ ಅಲ್ಲಿ ಅವರ ಒಕ್ಕಲುಗಳಿವೆ. ಕೋಟೆಯ ನೆರಳಿನಲ್ಲಿ ಇಗರ್ಜಿಯ ಗಂಟೆ ಬಾರಿಸುವುದನ್ನೂ, ಮೊಹರಮ್ಮಿಗೆ ಊರಿಗೆ ಊರೇ ಕೂಡುವುದನ್ನೂ ನೋಡುತ್ತ ಬೆಳೆದವರು ಮಾಸ್ತರರು. ಮೂವತ್ತೈದು ವರ್ಷ ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳಿ, ಮಸ್ಕಿಯಲ್ಲಿ ಮನೆ ಕಟ್ಟಿ ನಿಂತರು. ಸಿಂಧನೂರಿನ ಕಡೆಯ ಹಳ್ಳಿಯೊಂದರಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಳಗೆ ನಾಲ್ಕು ಎಕರೆ ಹೊಲವುಂಟು. ಅದನ್ನು ಪಾಲಿಗೆ ಕೊಟ್ಟಿರುವರು. ಮಗನು ಉಪಾಧ್ಯಾಯ, ಸೊಸೆ ಸರಕಾರಿ ಆಸ್ಪತ್ರೆಯಲ್ಲಿ ದಾದಿ. ಮೊಮ್ಮಕ್ಕಳಿಬ್ಬರೂ ಹೆಣ್ಣು.

ಇಷ್ಟು ಹೇಳಿದರೆ, ಆ ಮನೆಯಲ್ಲಿ ಎದ್ದ ಪ್ರಶ್ನೆ ಯಾವುದೆಂಬುದನ್ನು ವಾಚಕರೇ ಊಹಿಸಬಲ್ಲರು. ಮಾಸ್ತರರ ಹೆಂಡತಿಗೆ ಒಬ್ಬ ಮೊಮ್ಮಗನು ಬೇಕಾಗಿತ್ತು. ಅದನ್ನು ಆಕೆ ಮುಚ್ಚಿಟ್ಟವಳಲ್ಲ. ಸೊಸೆಗಾದರೋ ಎರಡನೆಯ ಹೆರಿಗೆಯಲ್ಲಿ ರಕ್ತಸ್ರಾವವು ನಿಲ್ಲದೆ, ರಾಯಚೂರಿನಿಂದ ರಕ್ತವನ್ನು ತರಿಸಿ ಏರಿಸುವವರೆಗೆ ಪ್ರಾಣವು ತೂಗಾಡಿತ್ತು. ಮತ್ತೊಂದು ಹೆರಿಗೆಯು ಅಪಾಯಕರವೆಂದು ವೈದ್ಯರು ಎಚ್ಚರಿಸಿದ್ದರು. ಹೀಗಿರಲು, ಹಬ್ಬಕ್ಕೆ ಬಂದ ನೆಂಟರಲ್ಲಿ ಹಿರಿಯರೊಬ್ಬರು ಊಟವಾದ ಮೇಲೆ ಎಲೆ ಅಡಕೆ ಮೆಲ್ಲುತ್ತ, "ಮಕ್ಕಳು ದೇವರು ಕೊಡೂ ವರ. ಬ್ಯಾಡ ಅನ್ನಾಕ ನಾವ್ಯಾರು? ನಮ್ಮ ಧರ್ಮದಾಗ ಹಂಗ ಐತಿ" ಎಂದರು. ಅತ್ತೆ ತಲೆದೂಗಿದಳು. ಸೊಸೆ ಒಳಗೆ ಎದ್ದು ಹೋದಳು. ಮಗನು ನೆಲವನ್ನು ನೋಡುತ್ತ ಕುಳಿತನು.

ಮರುದಿನ ಬೆಳಿಗ್ಗೆ ಸೊಸೆಯು ಕೆಲಸಕ್ಕೆ ಹೊರಡುವ ಮುನ್ನ ಮಾವನ ಮುಂದೆ ಚಹದ ಬಟ್ಟಲನ್ನಿಟ್ಟು ನಿಂತಳು. "ಮಾವಾರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಧರ್ಮದಾಗ ಹಂಗ ಐತಿ ಅಂದ್ರಲ್ಲ, ಖರೇನ ಐತೇನ್ರಿ? ನೀವು ಓದಿದವರು, ಓದಿ ಹೇಳ್ರಿ."

ಮಾಸ್ತರರು ಒಡನೆಯೇ ಉತ್ತರ ಕೊಡಲಿಲ್ಲ. ಮೂವತ್ತೈದು ವರ್ಷ ಪಾಠ ಹೇಳಿದವರಿಗೆ, ಓದದೆ ಉತ್ತರ ಹೇಳುವುದು ಪಾಪವೆಂಬ ಭಾವನೆ ಬೆಳೆದಿತ್ತು. "ಒಂದಿಷ್ಟು ದಿನ ಕೊಡವ್ವಾ" ಎಂದರು.

ಅಂದಿನಿಂದ ಅವರ ಓದು ಮೊದಲಾಯಿತು. ಮಗನ ಫೋನಿನಲ್ಲಿ ಪೋಪರ ಪತ್ರಗಳನ್ನು ತರಿಸಿಕೊಂಡು ಓದಿದರು. ಕಪಾಟಿನ ಹಳೆಯ ಪುಸ್ತಕಗಳನ್ನು ಕೆಳಗಿಳಿಸಿದರು. ೧೮೧೦ರಲ್ಲಿ ಬಳ್ಳಾರಿಗೆ ಬಂದು ನೆಲಸಿದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯ ಪರಿಶ್ರಮದಿಂದ ಮೊದಲುಗೊಂಡು ಇಂದಿನವರೆಗೆ ಹಲವು ಸಲ ತಿದ್ದಿಸಿಕೊಂಡ ಕನ್ನಡ ಬೈಬಲನ್ನು ಮತ್ತೆ ಮೊದಲಿನಿಂದ ತೆರೆದರು.

ಮೊದಲು ಅವರ ಗಮನವನ್ನು ಸೆಳೆದುದು ೧೯೩೦ನೆಯ ಇಸವಿ. ಆ ಒಂದೇ ವರುಷದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಮೂರು ಸಂಗತಿಗಳು ನಡೆದುವು. ಜೂನ್ ತಿಂಗಳಿನಲ್ಲಿ ಮೈಸೂರು ಸಂಸ್ಥಾನದ ಸರಕಾರವು ಸಂತಾನನಿಯಂತ್ರಣದ ಸಲಹೆಗಾಗಿ ಚಿಕಿತ್ಸಾಲಯಗಳನ್ನು ತೆರೆಯುವ ಅಪ್ಪಣೆಯನ್ನು ಹೊರಡಿಸಿತು. ಸರಕಾರವೇ ಮುಂದಾಗಿ ಇಂಥ ಕಾರ್ಯವನ್ನು ಕೈಕೊಂಡುದು ಪ್ರಪಂಚದಲ್ಲಿಯೇ ಮೊದಲು ಎಂದು ಎಣಿಸಲಾಗಿದೆ. ಆ ಕೀರ್ತಿ ಕನ್ನಡ ನಾಡಿನದು. ಆಗಸ್ಟಿನಲ್ಲಿ ಲಂಡನ್ನಿನ ಲ್ಯಾಂಬೆತ್ ಅರಮನೆಯಲ್ಲಿ ಕೂಡಿದ ಆಂಗ್ಲಿಕನ್ ಬಿಷಪ್ಪರ ಪರಿಷತ್ತು, ದಂಪತಿಗಳಿಗೆ ಧರ್ಮಸಮ್ಮತವಾದ ಬಲವತ್ತರ ಕಾರಣವಿದ್ದರೆ, ಸ್ವಾರ್ಥವೂ ಭೋಗಲಾಲಸೆಯೂ ಇಲ್ಲದಿದ್ದರೆ, ಸಂಯಮವಲ್ಲದ ಅನ್ಯೋಪಾಯಗಳಿಗೂ ಅವಕಾಶವುಂಟೆಂದು ೧೯೩ ಮತಗಳಿಗೆ ೬೭ರಂತೆ ಠರಾವು ಮಾಡಿತು. ವರುಷದ ಕೊನೆಯ ದಿನ, ಡಿಸೆಂಬರ ೩೧ರಂದು, ಹನ್ನೊಂದನೆಯ ಪಿಯೂಸ್ ಪೋಪರು 'ಕಾಸ್ತಿ ಕೊನ್ನೂಬಿ' ಎಂಬ ವಿಶ್ವಪತ್ರವನ್ನು ಪ್ರಕಟಿಸಿ, ಕೃತಕೋಪಾಯಗಳು ಸರ್ವಥಾ ನಿಷಿದ್ಧವೆಂದು ಸಾರಿದರು. ಅಂದಿನಿಂದ ಕ್ರೈಸ್ತ ಲೋಕವು ಈ ಪ್ರಶ್ನೆಯಲ್ಲಿ ಎರಡು ದಾರಿ ಹಿಡಿಯಿತು. ದಕ್ಷಿಣ ಭಾರತದ ಹಲವು ಪ್ರಾಟೆಸ್ಟಂಟ್ ಸಭೆಗಳು ೧೯೪೭ರ ಸೆಪ್ಟೆಂಬರಿನಲ್ಲಿ ಒಂದುಗೂಡಿ ದಕ್ಷಿಣ ಭಾರತ ಸಭೆಯೆನಿಸಿದುವು. ಅದರ ಕುಟುಂಬಗಳಲ್ಲಿ ಸಂತಾನನಿಯಂತ್ರಣವು ದಂಪತಿಗಳ ಅಂತಃಕರಣಕ್ಕೆ ಬಿಟ್ಟ ಮಾತಾಯಿತು. ಕ್ಯಾಥೊಲಿಕರಿಗೆ ಹಾಗಾಗಲಿಲ್ಲ. "ಧರ್ಮದಾಗ ಹಂಗ ಐತಿ" ಎಂಬಲ್ಲಿ ಯಾವ ಧರ್ಮಸಭೆ, ಯಾವ ಮಾತು ಎಂದು ಕೇಳಬೇಕಾದುದು ಮೊದಲು ಎಂಬುದನ್ನು ಮಾಸ್ತರರು ಕಾಗದದ ಮೇಲೆ ಗುರುತು ಹಾಕಿಕೊಂಡರು.

ಇನ್ನೊಂದು ಘಟ್ಟ ೧೯೬೭-೬೮. ಆರನೆಯ ಪೌಲ್ ಪೋಪರು ೧೯೬೭ರ ಮಾರ್ಚಿನಲ್ಲಿ 'ಪೊಪುಲೋರುಂ ಪ್ರೊಗ್ರೆಸ್ಸಿಯೋ' ಎಂಬ ಪತ್ರವನ್ನು ಬರೆದರು. ಅಭಿವೃದ್ಧಿಯೆಂದರೆ ಹಣದ ವೃದ್ಧಿ ಮಾತ್ರವಲ್ಲ. ಪ್ರತಿಯೊಬ್ಬ ಮನುಷ್ಯನೂ, ಅವನ ಸಮಗ್ರ ವ್ಯಕ್ತಿತ್ವವೂ ಏಳಿಗೆ ಹೊಂದಬೇಕು ಎಂಬುದು ಅದರ ತಿರುಳು. ಎಷ್ಟು ಮಕ್ಕಳೆಂಬ ನಿರ್ಣಯವು ತಂದೆತಾಯಿಗಳದು. ದೇವರ ಮುಂದೆ, ತಮ್ಮ ಮುಂದೆ, ಈಗಾಗಲೇ ಹುಟ್ಟಿದ ಮಕ್ಕಳ ಮುಂದೆ, ತಾವು ಬಾಳುವ ಸಮಾಜದ ಮುಂದೆ ತಮಗಿರುವ ಹೊಣೆಯನ್ನು ತೂಗಿನೋಡಿ ಅವರು ಅದನ್ನು ಮಾಡತಕ್ಕದ್ದು ಎಂದೂ ಅದರಲ್ಲಿ ಹೇಳಿದೆ. 'ಈಗಾಗಲೇ ಹುಟ್ಟಿದ ಮಕ್ಕಳು' ಎಂಬ ಮಾತಿನ ಕೆಳಗೆ ಮಾಸ್ತರರು ಗೆರೆ ಎಳೆದರು. ಮರುವರ್ಷ, ೧೯೬೮ರ ಜುಲೈ ೨೫ರಂದು, ಅದೇ ಪೋಪರು 'ಹ್ಯುಮಾನೇ ವೀತೇ' ಎಂಬ ಪತ್ರದಲ್ಲಿ ಕೃತಕೋಪಾಯಗಳ ನಿಷೇಧವನ್ನು ಮತ್ತೆ ದೃಢಪಡಿಸಿದರು. ಈ ವಿಷಯವನ್ನು ಪರಿಶೀಲಿಸಲು ಕೂಡಿದ್ದ ಮಂಡಳಿಯಲ್ಲಿ ಹೆಚ್ಚಿನವರು ಬೇರೆ ಅಭಿಪ್ರಾಯ ಕೊಟ್ಟಿದ್ದರೂ ಅವರು ಅದನ್ನು ಒಪ್ಪಲಿಲ್ಲ. ಆದರೆ ಅದೇ ಪತ್ರದಲ್ಲಿ, ದೇಹದ, ಮನಸ್ಸಿನ ಅಥವಾ ಸನ್ನಿವೇಶದ ಗಂಭೀರ ಕಾರಣವಿದ್ದರೆ ದಂಪತಿಗಳು ಮಕ್ಕಳ ನಡುವೆ ಅಂತರವಿಡುವುದೂ, ಅನಿರ್ದಿಷ್ಟ ಕಾಲದವರೆಗೆ ಮತ್ತೊಂದು ಮಗು ಬೇಡವೆಂದು ನಿಶ್ಚಯಿಸುವುದೂ ದೋಷವಲ್ಲ. ಸ್ತ್ರೀಯ ಶರೀರಧರ್ಮದಲ್ಲಿ ಸಹಜವಾಗಿಯೇ ಗರ್ಭನಿಲ್ಲದ ದಿನಗಳನ್ನು ಅರಿತು ನಡೆಯಬಹುದು ಎಂದಿದೆ. ಎಂದರೆ, ವಾದವಿರುವುದು ಉಪಾಯದ ವಿಷಯದಲ್ಲಿ. 'ಎಷ್ಟು ಸಾಧ್ಯವೋ ಅಷ್ಟು ಹೆರಬೇಕು' ಎಂಬ ವಿಧಿಯು ಅಲ್ಲಿ ಎಲ್ಲಿಯೂ ಇಲ್ಲ. ೨೦೧೫ರ ಜನವರಿಯಲ್ಲಿ ಫ್ರಾನ್ಸಿಸ್ ಪೋಪರು ವಿಮಾನದಲ್ಲಿ ಪತ್ರಕರ್ತರೊಡನೆ ಮಾತಾಡುತ್ತ, ಒಳ್ಳೆಯ ಕ್ಯಾಥೊಲಿಕನಾಗಲು ಮೊಲಗಳಂತೆ ಮರಿಹಾಕಬೇಕೆಂದೇನೂ ಇಲ್ಲವೆಂಬ ಅರ್ಥದ ಮಾತನ್ನಾಡಿ ಲೋಕವನ್ನೇ ನಗಿಸಿದರು. ಹಬ್ಬಕ್ಕೆ ಬಂದ ಹಿರಿಯರು ಅದನ್ನು ಕೇಳಿದವರಲ್ಲ.

ಆ ಪತ್ರಕ್ಕೆ ಇನ್ನೊಂದು ಮುಖವೂ ಉಂಟು. ಇಂಥ ಉಪಾಯಗಳು ಸರಕಾರಗಳ ಕೈಗೆ ಸಿಕ್ಕರೆ ಅವು ಪ್ರಜೆಗಳ ಮೇಲೆ ಬಲಾತ್ಕಾರವನ್ನು ನಡೆಸಬಹುದೆಂಬ ಭಯವನ್ನು ಅದು ಸೂಚಿಸಿತ್ತು. ಪತ್ರದ ಉಳಿದ ವಾದವನ್ನು ಒಪ್ಪದವರೂ ಈ ಒಂದು ಮಾತು ನಿಜವಾಯಿತೆಂಬುದನ್ನು ಅಲ್ಲಗಳೆಯಲಾರರು. ತುರ್ತುಪರಿಸ್ಥಿತಿಯ ಕಾಲದಲ್ಲಿ, ೧೯೭೬-೭೭ರ ಒಂದೇ ವರುಷದಲ್ಲಿ, ಭಾರತದಲ್ಲಿ ಎಂಬತ್ತು ಲಕ್ಷಕ್ಕೂ ಮೇಲ್ಪಟ್ಟು ಶಸ್ತ್ರಚಿಕಿತ್ಸೆಗಳು ನಡೆದುವು. ಚೀನ ದೇಶವು ಮೂವತ್ತೈದು ವರ್ಷಗಳ ಕಾಲ ಒಂದೇ ಮಗುವಿನ ಕಟ್ಟಳೆಯನ್ನು ಹೇರಿತು. ಶಾಲೆಯ ಮಾಸ್ತರರಿಗೂ ಶಸ್ತ್ರಚಿಕಿತ್ಸೆಗೆ ಇಷ್ಟು ಜನರನ್ನು ಕರೆತರಬೇಕೆಂದು ಲೆಕ್ಕ ಗೊತ್ತುಮಾಡಿದ್ದ ಆ ದಿನಗಳನ್ನು ವೃದ್ಧರು ಮರೆತಿಲ್ಲ. ಹೆರಲೇಬೇಕೆಂದು ಹೆಣ್ಣನ್ನು ಒತ್ತಾಯಪಡಿಸುವ ನೆಂಟನಿಗೂ, ಹೆರಲೇಬಾರದೆಂದು ಒತ್ತಾಯಪಡಿಸುವ ಅಮಲದಾರನಿಗೂ ವ್ಯತ್ಯಾಸವು ಬಹಳವೇನೂ ಇಲ್ಲವೆಂದು ಅವರಿಗೆ ಈಗ ಹೊಳೆಯಿತು. ಇಬ್ಬರೂ ಅವಳ ಬಾಯಿಂದ ಮಾತನ್ನು ಕಸಿದುಕೊಳ್ಳುವರು.

ಪತ್ರಗಳನ್ನು ಮುಗಿಸಿ ಮಾಸ್ತರರು ಆದಿಕಾಂಡಕ್ಕೆ ಬಂದರು. ವೃದ್ಧಿಹೊಂದಿರಿ, ಭೂಮಿಯನ್ನು ತುಂಬಿರಿ ಎಂಬ ಆಶೀರ್ವಾದವನ್ನು ಮಾನವನಿಗೆ ಕೊಟ್ಟಿರುವುದು ಎಲ್ಲರಿಗೂ ಗೊತ್ತಿದ್ದುದೇ. ಪ್ರಕೃತಿಯ ಹಾಳಿಗೆ ಈ ಮಾತೇ ಮೂಲವೆಂದು ಲಿನ್ ವೈಟ್ ಎಂಬ ಅಮೆರಿಕೆಯ ಇತಿಹಾಸಕಾರನು ೧೯೬೭ರಲ್ಲಿ ಆಕ್ಷೇಪಿಸಿದ್ದನು. ಭೂಮಿಯ ಮೇಲೆ ಒಡೆತನವನ್ನು ಕೊಟ್ಟ ಧರ್ಮವೇ ಕಾಡನ್ನು ಕಡಿಯುವ ಧೈರ್ಯವನ್ನೂ ಕೊಟ್ಟಿತೆಂದು ಅವನ ವಾದ. ಆದರೆ ನಿಧಾನವಾಗಿ ಓದುವಾಗ ಮಾಸ್ತರರಿಗೆ ಅದುವರೆಗೆ ಕಾಣದಿದ್ದ ಸಂಗತಿಯೊಂದು ಕಂಡಿತು. ಅದೇ ಆಶೀರ್ವಾದವು ಮಾನವನಿಗಿಂತ ಮುಂಚೆ, ಒಂದು ದಿನ ಮೊದಲೇ, ನೀರಿನ ಮೀನುಗಳಿಗೂ ಆಕಾಶದ ಹಕ್ಕಿಗಳಿಗೂ ದೊರೆತಿದೆ! ಅವರು ಕನ್ನಡಕವನ್ನು ಒರಸಿಕೊಂಡು ಮತ್ತೆ ಓದಿದರು. ಹಾಗೆಯೇ ಇತ್ತು. ಮಾನವನಿಗೆ ಬಂದುದು ಎರಡನೆಯ ಸರದಿಯ ಆಶೀರ್ವಾದ. ಹಾಗಾದರೆ ಮೀನಿಲ್ಲದ ನಾಲೆಯನ್ನೂ ಹಕ್ಕಿಯಿಲ್ಲದ ಹೊಲವನ್ನೂ ಉಂಟುಮಾಡಿ ತಾನೊಬ್ಬನೇ ವೃದ್ಧಿ ಹೊಂದುವವನು, ತನಗಿಂತ ಮೊದಲು ಹರಸಲ್ಪಟ್ಟವರ ಪಾಲನ್ನು ಕಿತ್ತುಕೊಂಡಂತಾಗಲಿಲ್ಲವೆ?

ಮುಂದಿನ ಅಧ್ಯಾಯದಲ್ಲಿ ಮಾನವನನ್ನು ತೋಟದಲ್ಲಿ ಇರಿಸಿದುದು ಅದನ್ನು ಉಳುವುದಕ್ಕೂ ಕಾಯುವುದಕ್ಕೂ ಎಂದಿದೆ, ಉಳುವುದಕ್ಕೆ ಮಾತ್ರವೆಂದಿಲ್ಲ. ವಿಮೋಚನಕಾಂಡದಲ್ಲಿ ಏಳನೆಯ ವರುಷ ಭೂಮಿಯನ್ನು ಬೀಳು ಬಿಡಬೇಕೆಂಬ, ಆಗ ತಾನಾಗಿ ಬೆಳೆದುದು ಬಡವರಿಗೂ ಪ್ರಾಣಿಗಳಿಗೂ ಸೇರಬೇಕೆಂಬ ವಿಧಿಯುಂಟು. ಧರ್ಮೋಪದೇಶಕಾಂಡದಲ್ಲಿ, ವೈರಿಯ ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರಗಳಿಗೆ ಕೊಡಲಿಯನ್ನು ಹಾಕಬಾರದೆಂದು ಕಟ್ಟಪ್ಪಣೆಯಿದೆ. ಇವೆಲ್ಲ ಕ್ರೈಸ್ತರಿಗೂ ಯಹೂದ್ಯರಿಗೂ ಮಾತ್ರ ಸೇರಿದ ಮಾತುಗಳಲ್ಲ. ಮಸ್ಕಿಯ ಬಂಡೆಯ ಮೇಲೆ ತನ್ನ ಹೆಸರನ್ನು ಬರೆಸಿದ ಅರಸನೇ ಬೇರೆ ಬಂಡೆಗಳಲ್ಲಿ, ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನು ಏರ್ಪಡಿಸಿದುದನ್ನೂ, ಔಷಧಿಯ ಗಿಡಗಳನ್ನು ತರಿಸಿ ನೆಡಿಸಿದುದನ್ನೂ, ದಾರಿಯಲ್ಲಿ ಬಾವಿ ತೋಡಿಸಿ ಮರ ಬೆಳಸಿದುದನ್ನೂ ಬರೆಸಿರುವನು. ನಿಷ್ಕಾರಣವಾಗಿ ಕಾಡಿಗೆ ಬೆಂಕಿ ಇಡಬಾರದೆಂಬ ಅವನ ಆಜ್ಞೆಯೂ ಉಂಟು.

೨೦೧೫ರಲ್ಲಿ ಫ್ರಾನ್ಸಿಸ್ ಪೋಪರು ಬರೆದ 'ಲೌದಾತೋ ಸೀ' ಎಂಬ ಪತ್ರವನ್ನು ಮಾಸ್ತರರು ಕೊನೆಗೆ ಓದಿದರು. ಅದಕ್ಕೆ ಹೆಸರು ಬಂದುದು ಅಸಿಸಿಯ ಸಂತ ಫ್ರಾನ್ಸಿಸನ ಸ್ತೋತ್ರದಿಂದ. ಭೂಮಿಯ ಅಳಲೂ ಬಡವನ ಅಳಲೂ ಒಂದೇ ಎಂಬುದು ಅದರ ಉದ್ದಕ್ಕೂ ಹರಿಯುವ ಭಾವ. ಜನಸಂಖ್ಯೆಯ ವಿಷಯ ಬಂದಲ್ಲಿ, ಬಡವರು ಹೆಚ್ಚು ಹೆರುವುದೇ ಎಲ್ಲ ಕೇಡಿಗೂ ಕಾರಣವೆಂದು ಹೇಳುವುದು, ಕೆಲವರ ಮಿತಿಮೀರಿದ ಭೋಗವನ್ನು ಮರೆಮಾಡುವ ಉಪಾಯವೆಂದು ಪತ್ರವು ಹೇಳುತ್ತದೆ. ಜನದ ಸಾಂದ್ರತೆಯಿಂದ ಕೆಲವು ಕಡೆ ತೊಡಕುಗಳುಂಟಾಗುವುದನ್ನು ಅದು ಅಲ್ಲಗಳೆಯುವುದಿಲ್ಲ. ಆದರೆ ತಪ್ಪನ್ನು ಹೊರಿಸಬೇಕಾದುದು ತೊಟ್ಟಿಲ ಮೇಲಲ್ಲ, ತಾಟಿನ ಮೇಲೆ ಎಂಬುದು ಅದರ ಇಂಗಿತ.

ಇದನ್ನು ಓದಿದಾಗ ಮಾಸ್ತರರ ಮನಸ್ಸು ಲಂಡನ್ ರೋಮುಗಳನ್ನು ಬಿಟ್ಟು ನೇರವಾಗಿ ತಮ್ಮ ಹೊಲಕ್ಕೆ ಬಂದಿತು. ತುಂಗಭದ್ರೆಯ ಎಡದಂಡೆ ಕಾಲುವೆಯು ೨೨೭ ಕಿಲೋಮೀಟರು ಉದ್ದವುಳ್ಳದ್ದು. ೧೯೫೩ರಲ್ಲಿ ನೀರು ಹರಿಯತೊಡಗಿದಾಗ, ಬರದ ನಾಡಿನಲ್ಲಿ ಆದಷ್ಟು ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ತೇವ ಮುಟ್ಟಲಿ, ಜೋಳ ಶೇಂಗಾ ಹತ್ತಿಗಳು ಒಣಗದಿರಲಿ ಎಂಬುದೇ ಯೋಜನೆಯ ಮುಖ್ಯ ಉದ್ದೇಶವಾಗಿತ್ತು. ನೆಲ್ಲಿಗೆ ಗೊತ್ತುಮಾಡಿದ್ದುದು ಸ್ವಲ್ಪವೇ ಭಾಗ. ಆದರೆ ಕಾಲುವೆಯ ತಲೆಯ ಕಡೆಯವರು ನೆಲ್ಲನ್ನೇ ಹಿಡಿದರು. ವರುಷಕ್ಕೆ ಎರಡು ಬೆಳೆ ತೆಗೆದರು. ಗಂಗಾವತಿ ಸಿಂಧನೂರುಗಳ ಅಕ್ಕಿ ಹೆಸರುವಾಸಿಯಾಯಿತು, ಗಿರಣಿಗಳು ಎದ್ದುವು, ಮನೆಗಳಿಗೆ ಮಾಳಿಗೆ ಬಂದುವು. ಕಾಲುವೆಯ ಬಾಲದ ಮಾನವಿ ರಾಯಚೂರುಗಳ ಕಡೆಯವರು ಒಣಗಿದ ತೂಬನ್ನು ನೋಡುತ್ತ ಕುಳಿತರು. ಅತಿಯಾದ ನೀರು ನಿಂತ ಕಡೆ ನೆಲವು ಜವುಳಾಗಿ, ಸವಳೇರಿ, ಬೆಳೆಯನ್ನೇ ಕೊಡದಾಯಿತು. ಅತ್ತ ಜಲಾಶಯದಲ್ಲಿ ಹೂಳು ತುಂಬಿ, ಮೊದಲು ಸುಮಾರು ೧೩೩ ಟಿ.ಎಂ.ಸಿ. ಅಡಿ ಹಿಡಿಯುತ್ತಿದ್ದುದು ಈಗ ೧೦೫ರ ಆಸುಪಾಸಿಗೆ ಇಳಿದಿದೆ. ೨೦೨೪ರ ಆಗಸ್ಟಿನಲ್ಲಿ ಹತ್ತೊಂಬತ್ತನೆಯ ಬಾಗಿಲು ಕೊಚ್ಚಿಹೋದಾಗ, ಈ ನೀರು ಎಷ್ಟು ಸಣ್ಣ ಕೀಲಿನ ಮೇಲೆ ನಿಂತಿದೆಯೆಂಬುದು ಎಲ್ಲರಿಗೂ ಅರಿವಾಯಿತು.

ಬಾಲದ ರೈತನ ಹೊಲವು ಒಣಗಿದುದು ಅವನಿಗೆ ಮಕ್ಕಳು ಹೆಚ್ಚಾದುದರಿಂದಲ್ಲ. ತಲೆಯವನಿಗೆ ಸಾಕೆನಿಸದೆ ಹೋದುದರಿಂದ. ಹಾಗಾದರೆ ತಲೆಯವನಾರು? ಮಾಸ್ತರರ ನಾಲ್ಕು ಎಕರೆಯೂ ತಲೆಯ ಕಡೆಯದೇ. ಇಪ್ಪತ್ತು ವರ್ಷಗಳಿಂದ ಅದರಲ್ಲಿ ಎರಡು ಬೆಳೆ ನೆಲ್ಲು ಬರುತ್ತಲಿತ್ತು. ಮನೆಯಲ್ಲಿ ಎರಡೇ ಮಕ್ಕಳಿದ್ದರೂ, ಆ ಮನೆಯು ಕುಡಿಯುತ್ತಿದ್ದ ನೀರು ಆರು ಮಕ್ಕಳ ಬಾಲದ ಮನೆಗಿಂತ ಹೆಚ್ಚಿನದಾಗಿತ್ತು. ಸಣ್ಣ ಕುಟುಂಬವೆಂದ ಮಾತ್ರಕ್ಕೆ ಪುಣ್ಯ ಬಂದಂತಾಗಲಿಲ್ಲ. ಪೋಪರ ಪತ್ರವು ಹೀಗೆ ತಮ್ಮ ಹೊಲದ ಬದುವಿಗೇ ಬಂದು ನಿಂತುದನ್ನು ಕಂಡು ಅವರು ಸ್ವಲ್ಪ ಹೊತ್ತು ಓದುವುದನ್ನೇ ನಿಲ್ಲಿಸಿದರು.

ಇಷ್ಟರಿಂದಲೇ ಸಂತಾನದ ಪ್ರಶ್ನೆಯು ಬಗೆಹರಿಯಿತೆಂದು ತಿಳಿಯಬಾರದು. ಹೆರಿಗೆಗಳು ಕಡಿಮೆಯಾಗುವುದು ಪೋಪರ ಅಪ್ಪಣೆಯಿಂದಲೂ ಅಲ್ಲ, ಅಮಲದಾರರ ಒತ್ತಾಯದಿಂದಲೂ ಅಲ್ಲ. ಕ್ಯಾಥೊಲಿಕ್ ಧರ್ಮದ ಪೀಠವೇ ನೆಲೆಸಿರುವ ಇಟಲಿಯಲ್ಲಿ ೨೦೨೩ರಲ್ಲಿ ಒಬ್ಬ ಸ್ತ್ರೀಗೆ ಸರಾಸರಿ ೧.೨ ಮಕ್ಕಳು ಮಾತ್ರ ಇದ್ದರು. ಕರ್ನಾಟಕದಲ್ಲಿ ೧೯೯೨-೯೩ರ ಸಮೀಕ್ಷೆಯ ಕಾಲಕ್ಕೆ ೨.೯ರಷ್ಟಿದ್ದುದು ೨೦೧೯-೨೧ರ ವೇಳೆಗೆ ೧.೭ಕ್ಕೆ ಇಳಿದಿದೆ. ಹೆಣ್ಣುಮಕ್ಕಳು ಶಾಲೆಗೆ ಹೋದುದು, ಹುಟ್ಟಿದ ಕೂಸು ಬದುಕುವುದೆಂಬ ನಂಬಿಕೆ ತಾಯಿಗೆ ಬಂದುದು, ಮದುವೆಯ ವಯಸ್ಸು ಏರಿದುದು ಇದಕ್ಕೆ ಮುಖ್ಯ ಕಾರಣಗಳು. ರಾಯಚೂರು ಜಿಲ್ಲೆಯಾದರೋ ೨೦೦೫ರಲ್ಲಿ ಹೊರಬಂದ ರಾಜ್ಯದ ಮಾನವಾಭಿವೃದ್ಧಿಯ ವರದಿಯಲ್ಲಿ ಎಲ್ಲಕ್ಕೂ ಕೊನೆಯಲ್ಲಿತ್ತು. ೨೦೧೧ರ ಜನಗಣತಿಯಲ್ಲಿಯೂ ಇಲ್ಲಿ ಓದುಬಲ್ಲ ಹೆಂಗಸರು ನೂರಕ್ಕೆ ಐವತ್ತು ಮುಟ್ಟಿರಲಿಲ್ಲ. ಹೆಣ್ಣು ಓದುವುದೇ ಈ ಜಿಲ್ಲೆಯಲ್ಲಿ ದೊಡ್ಡ ಸಂತಾನಶಾಸ್ತ್ರವೆಂದು ಮಾಸ್ತರರು ತಮ್ಮ ಕಾಗದದಲ್ಲಿ ಬರೆದುಕೊಂಡರು.

ಒಂದು ರಾತ್ರಿ ಊಟವಾದ ಮೇಲೆ ಅವರು ಹೆಂಡತಿಯೊಡನೆ ಮಾತು ತೆಗೆದರು. ಪತ್ರಗಳ ಮಾತನ್ನು ಆಕೆ ಕೇಳುವವಳಲ್ಲವೆಂದು ಅವರಿಗೆ ಗೊತ್ತಿತ್ತು.

"ನಿನ್ನ ತಂಗಿ ಎಷ್ಟು ಮಕ್ಕಳ ತಾಯಿ?" ಎಂದು ಕೇಳಿದರು.

"ಏನು ಕೇಳ್ತೀರ್ರೀ? ಆಕಿ ಸಿಸ್ಟರ್ ಆದಾಕಿ. ಆಕಿಗೆಲ್ಲಿ ಮಕ್ಕಳು?"

"ಆಕಿ ಬಂದ್ರ ನೀ ಎದ್ದು ನಿಲ್ತಿ. ನಿನ್ನ ಅಣ್ಣಗೋಳು ಕೈ ಮುಗೀತಾರ. ಒಂದು ಕೂಸೂ ಹಡದಿಲ್ಲ ಅಂತ ಯಾರೂ ಅಂದಿಲ್ಲ. ಹಡೀಲಾರದಾಕಿಗೆ ಕೈ ಮುಗಿಯೋ ಧರ್ಮ, ಎರಡು ಹಡದಾಕಿಗೆ ಸಾಲದು ಅಂತೈತೇನು?"

ಆಕೆ ಉತ್ತರ ಕೊಡಲಿಲ್ಲ. ಕ್ರೈಸ್ತ ಧರ್ಮದಲ್ಲಿ ಮದುವೆಯೂ ಒಂದು ವ್ರತ, ಕನ್ಯಾವ್ರತವೂ ಒಂದು ವ್ರತ. ಹೆಣ್ಣಿನ ಬೆಲೆಯನ್ನು ಹೆತ್ತ ಮಕ್ಕಳ ಲೆಕ್ಕದಿಂದ ಅಳೆಯುವುದು ಅದರ ಮೂಲಕ್ಕೇ ಹೊರಗಾದುದು. ಮಕ್ಕಳಿಲ್ಲದೆ ಕೊರಗುತ್ತಿದ್ದ ಹನ್ನಳನ್ನು ಅವಳ ಗಂಡ ಎಲ್ಕಾನನು ಸಂತೈಸಿದಾಗ, ಹತ್ತು ಗಂಡುಮಕ್ಕಳಿಗಿಂತ ತಾನು ಅವಳಿಗೆ ಹೆಚ್ಚಲ್ಲವೆ ಎಂದು ಕೇಳಿದ ಕಥೆಯನ್ನು ಆಕೆಯೂ ಬಲ್ಲಳು. ಗಂಡುಮಗುವಿನ ಆಸೆಯು ಬೈಬಲಿನಿಂದ ಬಂದುದಲ್ಲ, ಓಣಿಯಿಂದ ಬಂದುದು. ಮತ ಬೇರೆಯಾದರೂ ಓಣಿ ಒಂದೇ.

ಆಮೇಲೆ ಮಾಸ್ತರರು ಮತ್ತೊಂದು ಮಾತು ಹೇಳಿದರು. ಐವತ್ತು ವರ್ಷದ ಸಂಸಾರದಲ್ಲಿ ಅದನ್ನು ಅವರು ಹೆಂಡತಿಗೆ ಪೂರ್ತಿಯಾಗಿ ಹೇಳಿದ್ದಿಲ್ಲ.

ಅವರ ತಾಯಿ ಎಂಟನೆಯ ಹೆರಿಗೆಯಲ್ಲಿ ತೀರಿಕೊಂಡವಳು. ಆಗ ಅವರಿಗೆ ಒಂಬತ್ತು ವರ್ಷ. ಏಳು ಮಕ್ಕಳಲ್ಲಿ ಉಳಿದಿದ್ದವರು ಮೂವರು. ಮಳೆಗಾಲದ ರಾತ್ರಿ ನೋವು ತಡೆಯಲಾರದಾದಾಗ ಬಂಡಿ ಕಟ್ಟಿ ಲಿಂಗಸುಗೂರಿನ ದಾರಿ ಹಿಡಿದರು. ಎರೆಮಣ್ಣಿನಲ್ಲಿ ಗಾಲಿ ಹೂತುಹೋಯಿತು. ಹುಡುಗನು ಕಂದೀಲು ಹಿಡಿದು ಮುಂದೆ ನಿಂತಿದ್ದನು. ಎತ್ತುಗಳು ಮೊಣಕಾಲೂರಿದುವು. ಬಂಡಿಯೊಳಗಿನ ನರಳಿಕೆ ಮೆಲ್ಲಗೆ ಕಡಿಮೆಯಾಗುತ್ತ ಬಂದಾಗ, ನೋವು ಇಳಿಯಿತೆಂದು ಹುಡುಗನಿಗೆ ಸಮಾಧಾನವಾಯಿತು. ಆ ಸಮಾಧಾನದ ನೆನಪೇ ಅವರನ್ನು ಎಪ್ಪತ್ತು ವರ್ಷ ಸುಟ್ಟಿತ್ತು. ಮಣ್ಣು ಕೊಟ್ಟು ಬಂದ ಮೇಲೆ ಹಿರಿಯರೆಲ್ಲ ಅಂದುದು ಒಂದೇ ಮಾತು: ದೇವರ ಚಿತ್ತ.

"ಅವತ್ತಿಂದ ಆ ಮಾತಿಗೆ ನಾ ಅಂಜತೀನಿ" ಎಂದರು ಮಾಸ್ತರರು. "ಗಾಲಿ ಹುಗಿದಿದ್ದೂ ದೇವರ ಚಿತ್ತನ? ಐದನೇದಕ್ಕ ಸಾಕು ಅನ್ನಾಕ ಆಕಿಗೆ ಬಾಯಿ ಇಲ್ಲದ್ದೂ ದೇವರ ಚಿತ್ತನ?"

ಹೆಂಡತಿಯು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಎದ್ದು, ಪಕ್ಕದ ಕೋಣೆಯಲ್ಲಿ ಮಲಗಿದ್ದ ಸಣ್ಣ ಮೊಮ್ಮಗಳ ಹೊದಿಕೆಯನ್ನು ಸರಿಪಡಿಸಿ ಬಂದು ಮಲಗಿದಳು. ಮೊಮ್ಮಗನ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಸೊಸೆಗೆ ಕೊಡಬೇಕಾದ ಉತ್ತರವನ್ನು ಮಾಸ್ತರರು ಭಾನುವಾರ ಗುಡ್ಡದ ಬಳಿ ಕೊಟ್ಟರು. ಮಕ್ಕಳಿಬ್ಬರೂ ಬಂಡೆಗಳ ನಡುವೆ ಓಡಾಡುತ್ತಿದ್ದರು. ಅವರು ತಾವು ಓದಿದುದನ್ನು ಮುಚ್ಚುಮರೆಯಿಲ್ಲದೆ ಹೇಳಿದರು: ನಮ್ಮ ಧರ್ಮಸಭೆಯು ಯಾವ ಉಪಾಯಗಳನ್ನು ಬೇಡವೆನ್ನುವುದು, ಯಾವುದನ್ನು ಒಪ್ಪುವುದು, ಬೇರೆ ಸಭೆಗಳು ಏನನ್ನುವುವು, ಇವುಗಳಲ್ಲಿ ಇನ್ನೂ ತೀರದ ವಾದವಿದೆಯೆಂಬುದು. "ಆದ್ರ ಒಂದು ಮಾತ್ರ ಖರೆ ಅವ್ವಾ. ಮತ್ತೊಂದು ಹಡೀಲೇಬೇಕು ಅಂತ ಯಾವ ಪುಸ್ತಕದಾಗೂ ಇಲ್ಲ. ಅದು ನಿಮ್ಮಿಬ್ಬರ ಮಾತು. ನಾನೂ ಹೇಳಂಗಿಲ್ಲ, ನಿಮ್ಮತ್ತೀನೂ ಹೇಳಂಗಿಲ್ಲ."

ಆಕೆಯ ಕಣ್ಣು ತುಂಬಿ ಬಂದಿತು. "ಪುಸ್ತಕದಾಗ ಇಲ್ಲ ಅನ್ನೋದು ನನಗ ಮೊದಲ ಗೊತ್ತಿತ್ರಿ ಮಾವಾರ" ಎಂದಳು. "ಮನಿಯಾಗ ಯಾರರೆ ಹೇಳಲಿ ಅಂತ ಕೇಳಿದ್ದೆ." ಅನಂತರ ಆ ದಂಪತಿಗಳು ಏನು ನಿಶ್ಚಯಿಸಿದರು, ಯಾವ ದಾರಿಯನ್ನು ಹಿಡಿದರು ಎಂಬುದು ಅವರ ಕೋಣೆಯ ಮಾತು, ಅದನ್ನು ಮಾಸ್ತರರೂ ಕೇಳಲಿಲ್ಲ.

ಹೊಲದ ಮಾತು ಉಳಿದಿತ್ತು. ಹಿಂಗಾರಿನ ಬಿತ್ತನೆಯ ಕಾಲಕ್ಕೆ ಮಾಸ್ತರರು ಬಸ್ಸು ಹತ್ತಿ ಹೋಗಿ, ಈ ಸಲ ಎರಡನೆಯ ಬೆಳೆಗೆ ನೆಲ್ಲು ಬೇಡ, ಬಿಳಿಜೋಳವನ್ನೂ ಕಡಲೆಯನ್ನೂ ಹಾಕೋಣವೆಂದು ಪಾಲಿನವನಿಗೆ ಹೇಳಿದರು. ಅವನು ನಕ್ಕನು. "ಮಾಸ್ತರ, ನಾವು ಬಿಟ್ಟ ನೀರು ಬಾಲಕ್ಕ ಹೋಗ್ತೈತೇನ್ರಿ? ಬಾಜೂದವ ಪಂಪು ಹಚ್ಚತಾನ ಅಷ್ಟ" ಎಂದನು. ಮಾತು ಸುಳ್ಳಲ್ಲ. ಅವನ ಪಾಲಿಗೆ ಬರುವ ನಷ್ಟವನ್ನು ತಾವು ತುಂಬಿಕೊಡುವೆವೆಂದು ಒಪ್ಪಿಕೊಂಡು ಮಾಸ್ತರರು ಬದುವಿನ ಮೇಲೆ ನಿಂತರು. ಮೊಮ್ಮಕ್ಕಳ ಶಾಲೆಯ ಫೀಜಿಗೆ ಕೂಡಿಡುತ್ತಿದ್ದ ಹಣದಲ್ಲಿ ಅಷ್ಟು ಕಡಿಮೆಯಾಗುವುದೆಂಬ ಲೆಕ್ಕವನ್ನು ಅವರು ಬರುವಾಗಲೇ ಬಸ್ಸಿನಲ್ಲಿ ಮಾಡಿ ಮುಗಿಸಿದ್ದರು.

ಆ ನೀರು ಕೊನೆಯ ತೂಬನ್ನು ಮುಟ್ಟಿತೋ, ಪಕ್ಕದ ಗದ್ದೆಯಲ್ಲಿಯೇ ಇಂಗಿತೋ ಯಾರೂ ಹೇಳಲಾರರು. ಜೋಳವು ಮಾತ್ರ ಎದೆಯುದ್ದ ಬೆಳೆದು ತೆನೆ ಹಿಡಿಯಿತು. ಹಾಲುಗಾಳು ಕಟ್ಟುವ ದಿನಗಳಲ್ಲಿ ಮೊಮ್ಮಕ್ಕಳನ್ನು ಕರೆದುಕೊಂಡು ಹೋದಾಗ ಹೊಲದ ತುಂಬ ಹಕ್ಕಿಗಳಿದ್ದುವು. ಪಾಲಿನವನು ಕವಣೆ ಬೀಸಿ ಕೂಗುತ್ತಿದ್ದನು. ದೊಡ್ಡ ಹುಡುಗಿಯು, "ಅಜ್ಜಾ, ಎಲ್ಲಾ ತಿಂದುಬಿಡತಾವೇನು?" ಎಂದು ಗಾಬರಿಯಿಂದ ಕೇಳಿದಳು.

"ತಮ್ಮ ಪಾಲು ತಿಂತಾವ ಬಿಡು" ಎಂದರು ಮಾಸ್ತರರು. "ಅವುಕ್ಕ ನಮಗಿಂತ ಮೊದಲ ಹೇಳಿತ್ತು."